ಹಳೆಯ ಗಾಡಿಗೆ ಯಾವ ಪೆಟ್ರೋಲ್?

ಬಂಕಿನಲ್ಲಿ ನಿಂತು "ಎಥನಾಲ್ ಇಲ್ಲದ ಪೆಟ್ರೋಲ್ ಇದೆಯಾ?" ಎಂದು ಕೇಳಿ ನೋಡಿ. ಪೈಪು ಹಿಡಿದ ಹುಡುಗ ಒಮ್ಮೆ ನಿಮ್ಮ ಮುಖ, ಒಮ್ಮೆ ಗಾಡಿ ನೋಡಿ, "ಎಲ್ಲಾ ಒಂದೇ ಸಾರ್, ಎಷ್ಟಕ್ಕೆ ಹಾಕ್ಲಿ?" ಎನ್ನುತ್ತಾನೆ. ಅವನು ಹೇಳುವುದು ಹೆಚ್ಚುಕಡಿಮೆ ನಿಜ. ಇವತ್ತು ನಮ್ಮ ಬಂಕುಗಳಲ್ಲಿ ಸಾಮಾನ್ಯ ದರಕ್ಕೆ ಸಿಗುವ ಪೆಟ್ರೋಲ್ ಇ20. ಅಂದರೆ ನೂರು ಲೀಟರಿನಲ್ಲಿ ಇಪ್ಪತ್ತು ಲೀಟರಿನಷ್ಟು ಎಥನಾಲ್. ಕಬ್ಬಿನ ಹಾಲು, ಕಾಕಂಬಿ, ಮೆಕ್ಕೆಜೋಳ, ಅಕ್ಕಿ, ಇವುಗಳಲ್ಲಿ ಯಾವುದೋ ಒಂದರಿಂದ ಇಳಿಸಿದ್ದು.

ಈ ಇ20ಗೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. 2023ರ ಫೆಬ್ರುವರಿ 6ರಂದು ಇಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಪ್ರಧಾನಿ ಮೋದಿ ಅದನ್ನು ಬಿಡುಗಡೆ ಮಾಡಿದರು. ಆಗ ಅದು ದೊರೆಯುತ್ತಿದ್ದದ್ದು ದೇಶದ 84 ಬಂಕುಗಳಲ್ಲಿ ಮಾತ್ರ. ಸುಮಾರು ಎರಡು ವರ್ಷಗಳಲ್ಲಿ ಅದೇ ಎಲ್ಲರ ಪೆಟ್ರೋಲ್ ಆಯಿತು. ಎಥನಾಲ್ ಬೆರೆಸುವುದು ಹೊಸದೇನಲ್ಲ, 2003ರಲ್ಲೇ ಶೇ 5ರ ಮಿಶ್ರಣ ಕೆಲವು ರಾಜ್ಯಗಳಲ್ಲಿ ಶುರುವಾಗಿತ್ತು. ಆದರೆ 2013-14ರಲ್ಲೂ ದೇಶದ ಸರಾಸರಿ ಶೇ 1.5ರ ಆಸುಪಾಸಿನಲ್ಲೇ ತೆವಳುತ್ತಿತ್ತು. 2022ರ ಜೂನ್‌ಗೆ ಶೇ 10 ಮುಟ್ಟಿತು. 2030ಕ್ಕೆಂದು ಇಟ್ಟುಕೊಂಡಿದ್ದ ಶೇ 20ರ ಗುರಿಯನ್ನು 2025-26ಕ್ಕೆ ಎಳೆದು ತಂದು, 2025ರಲ್ಲೇ ಮುಟ್ಟಿಸಿಯೂ ಆಯಿತು. ಗಾಡಿಗಳು ಮಾತ್ರ ಅಷ್ಟು ವೇಗದಲ್ಲಿ ಬದಲಾಗುವುದಿಲ್ಲ. ಹದಿನೈದು ವರ್ಷದ ಸ್ಕೂಟರನ್ನು ಇನ್ನೂ ಮಗಳ ಕಾಲೇಜಿಗೆ ಕಳಿಸುವ ಮನೆಗಳು ಎಷ್ಟಿಲ್ಲ!

ಆದ್ದರಿಂದ ಮೊದಲು ತಿಳಿದುಕೊಳ್ಳಬೇಕಾದದ್ದು ನಿಮ್ಮ ಗಾಡಿ ಯಾವ ಕಾಲದ್ದು ಎಂಬುದನ್ನು.

2023ರ ಏಪ್ರಿಲ್ ನಂತರ ತಯಾರಾದದ್ದಾದರೆ ಚಿಂತೆ ಬೇಡ, ಅದರ ಪೈಪು, ವಾಷರ್, ಪಂಪುಗಳೆಲ್ಲ ಇ20 ತಾಳುವಂಥವು. ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ ಇ20 ಎಂಬ ಸ್ಟಿಕ್ಕರ್ ಇದೆಯೇ ನೋಡಿ, ಅಥವಾ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಇಂಧನದ ಪುಟ ತೆರೆಯಿರಿ. 2020ರ ಏಪ್ರಿಲ್‌ನಿಂದ 2023ರವರೆಗಿನವು ಬಿಎಸ್6 ಗಾಡಿಗಳು. ಕಾರಿರಲಿ, ಬೈಕಿರಲಿ, ಬಹುತೇಕ ಎಲ್ಲದರಲ್ಲೂ ಇಂಜೆಕ್ಷನ್ ವ್ಯವಸ್ಥೆ ಇದೆ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಸೆನ್ಸರ್ ಇಟ್ಟುಕೊಂಡು, ಎಷ್ಟು ಪೆಟ್ರೋಲ್ ಬಿಡಬೇಕೆಂದು ಗಾಡಿಯೇ ಸರಿಪಡಿಸಿಕೊಳ್ಳುತ್ತದೆ. ಓಟಕ್ಕೆ ತೊಂದರೆ ಕಡಿಮೆ, ಮೈಲೇಜ್ ಮಾತ್ರ ಸ್ವಲ್ಪ ಇಳಿಯುತ್ತದೆ.

ನಿಜವಾದ ತಲೆನೋವು ಅದಕ್ಕೂ ಹಿಂದಿನ ಕಾರ್ಬುರೇಟರ್ ಗಾಡಿಗಳದು. ನೀತಿ ಆಯೋಗದ ಪ್ರಕಾರ 2008ರಿಂದ ಈಚಿನ ಗಾಡಿಗಳ ಬಿಡಿಭಾಗಗಳು ಇ10 ತಾಳುತ್ತವೆ. ಅದಕ್ಕೂ ಹಳೆಯವು, ಮೈಸೂರಿನಲ್ಲೇ ತಯಾರಾದ ಯೆಜ್ಡಿಗಳಾಗಲಿ ಎರಡು ಸ್ಟ್ರೋಕಿನ ಆರ್‌ಎಕ್ಸ್100ಗಳಾಗಲಿ, ಎಥನಾಲ್ ಎಂಬುದೊಂದು ಪೆಟ್ರೋಲಿಗೆ ಸೇರೀತು ಎಂಬ ಅಂದಾಜೇ ಇಲ್ಲದ ಕಾಲದ ಯಂತ್ರಗಳು.

ಎಥನಾಲ್ ಮಾಡುವ ಕೆಲಸ

ಎಥನಾಲ್ ಒಳ್ಳೆಯ ಇಂಧನವೇ. ಅದರ ಆಕ್ಟೇನ್ ಪೆಟ್ರೋಲಿಗಿಂತ ಬಹಳ ಹೆಚ್ಚು, ಸರಿಯಾಗಿ ಹೊಂದಿಸಿದ ಇಂಜಿನ್ನಿನಲ್ಲಿ ಚೆನ್ನಾಗಿ ಉರಿಯುತ್ತದೆ. ಹಳೆಯ ಗಾಡಿಗೆ ಅದರಿಂದ ಬರುವ ತೊಂದರೆ ನಾಲ್ಕು ಬಗೆಯದು.

ಒಂದು, ಶಕ್ತಿ ಕಡಿಮೆ. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿನ ಮೂರನೇ ಎರಡರಷ್ಟು ಶಕ್ತಿಯಷ್ಟೇ ಇದೆ. ಐದರಲ್ಲಿ ಒಂದು ಪಾಲು ಅದನ್ನು ಬೆರೆಸಿದರೆ ಲೀಟರಿಗೆ ಶೇ 6-7ರಷ್ಟು ಶಕ್ತಿ ಇಳಿಯಲೇಬೇಕು, ಇದು ಬರೀ ಲೆಕ್ಕ. ನೀತಿ ಆಯೋಗದ 2021ರ ವರದಿಯೂ ಹೆಚ್ಚುಕಡಿಮೆ ಇದನ್ನೇ ಹೇಳಿತ್ತು: ಇ10ಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಶೇ 6-7, ದ್ವಿಚಕ್ರಗಳಲ್ಲಿ ಶೇ 3-4, ಇ20ಕ್ಕೆಂದೇ ಹೊಂದಿಸಿದ ಕಾರುಗಳಲ್ಲಿ ಶೇ 1-2 ಇಳಿಕೆ. ಗಾಡಿ ಅರ್ಧಕ್ಕರ್ಧ ಮೈಲೇಜ್ ಕಳೆದುಕೊಂಡಿತು ಎನ್ನುವ ವಾಟ್ಸ್‌ಆ್ಯಪ್ ವಿಡಿಯೊಗಳನ್ನು ನಂಬಬೇಡಿ. ಅಷ್ಟು ಇಳಿದಿದ್ದರೆ ಏರ್ ಫಿಲ್ಟರ್, ಬ್ರೇಕ್, ಟಯರಿನ ಗಾಳಿ ಇವುಗಳಲ್ಲಿ ಎಲ್ಲೋ ಬೇರೆ ಕಾಯಿಲೆ ಇದೆ.

ಎರಡು, ಗಾಳಿಯ ಲೆಕ್ಕ ತಪ್ಪುತ್ತದೆ. ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು, ಎಥನಾಲಿಗೆ 9 ಕಿಲೊ ಸಾಕು. ಕಾರ್ಬುರೇಟರಿಗೆ ಈ ಬದಲಾವಣೆ ತಿಳಿಯುವುದಿಲ್ಲ. ಅದು ಹಳೆಯ ಅಳತೆಯಲ್ಲೇ ಬಿಡುತ್ತದೆ, ಗಾಳಿ ಹೆಚ್ಚಾಗುತ್ತದೆ. ಇಂಜಿನ್ ಬಿಸಿಯೇರುವುದು, ಥ್ರಾಟಲ್ ತಿರುವಿದಾಗ ಒಂದು ಗಳಿಗೆ ತಡವರಿಸುವುದು, ಪ್ಲಗ್ಗಿನ ತುದಿ ಬಿಳಿಚಿಕೊಳ್ಳುವುದು ಇದರ ಗುರುತು. ಚಳಿಗಾಲದ ಬೆಳಗ್ಗೆ ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಕಿಕ್ಕರ್ ತುಳಿದು ಸುಸ್ತಾಗುವವರಿಗೆ ಇನ್ನೊಂದು ಕಾರಣವೂ ಇದೆ. ಎಥನಾಲ್ ಆವಿಯಾಗಲು ಹೆಚ್ಚು ಶಾಖ ಹೀರುತ್ತದೆ, ತಣ್ಣಗಿನ ಇಂಜಿನ್ನಿನಲ್ಲಿ ಅದು ಸುಲಭವಾಗಿ ಆವಿಯಾಗದು. ಚೋಕ್ ಎಳೆದು ಸ್ವಲ್ಪ ಹೆಚ್ಚು ಹೊತ್ತು ಬಿಡಬೇಕು.

ಮೂರು, ಕೆಲವು ಜಾತಿಯ ರಬ್ಬರು ಇದರಲ್ಲಿ ಊದಿಕೊಳ್ಳುತ್ತದೆ, ಇಲ್ಲವೇ ಬಿರುಸಾಗಿ ಸೀಳುತ್ತದೆ. ಸತು, ಹಿತ್ತಾಳೆ, ಅಲ್ಯೂಮಿನಿಯಂ ಭಾಗಗಳಿಗೆ ಕಿಲುಬು ಬೇಗ ಬರುತ್ತದೆ. ಇದರ ಜೊತೆಗೆ ಎಥನಾಲ್ ಒಳ್ಳೆಯ ದ್ರಾವಕ. ಹತ್ತು ವರ್ಷದಿಂದ ಟ್ಯಾಂಕಿನ ತಳಕ್ಕೆ ಅಂಟಿ ಕೂತಿದ್ದ ಕೊಳೆಯನ್ನು ಬಿಡಿಸಿ ತಂದು ಫಿಲ್ಟರಿಗೂ ಜೆಟ್ಟಿಗೂ ತುರುಕುತ್ತದೆ. ಇ20 ಹಾಕಲು ಶುರು ಮಾಡಿದ ಮೊದಮೊದಲಿಗೆ ಗಾಡಿ ಜಗ್ಗಿ ಜಗ್ಗಿ ನಿಲ್ಲುತ್ತಿದ್ದರೆ ಇಂಜಿನ್ ಬಿಚ್ಚಿಸುವ ಮೊದಲು ಫಿಲ್ಟರ್ ಬದಲಿಸಿ ನೋಡಿ.

ನಾಲ್ಕನೆಯದು ನೀರು. ನಮ್ಮ ಕರಾವಳಿ, ಮಲೆನಾಡಿನವರು ಹೆಚ್ಚು ಗಮನ ಕೊಡಬೇಕಾದದ್ದು ಇದಕ್ಕೆ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ನೀರು ಸೇರಿದರೆ ಮಿಶ್ರಣದಲ್ಲೇ ಕರಗಿ, ಉರಿದು ಹೋಗುತ್ತದೆ. ಮಿತಿ ಮೀರಿದರೆ ಮಾತ್ರ ಒಡೆದ ಹಾಲಿನ ಹಾಗೆ ಬೇರೆಯಾಗುತ್ತದೆ: ನೀರೂ ಎಥನಾಲೂ ಕೂಡಿ ತಳಕ್ಕೆ ಇಳಿಯುತ್ತವೆ, ಆಕ್ಟೇನ್ ಕಳೆದುಕೊಂಡ ಪೆಟ್ರೋಲ್ ಮೇಲೆ ನಿಲ್ಲುತ್ತದೆ. ಟ್ಯಾಂಕಿನಿಂದ ಪೆಟ್ರೋಲ್ ಹೊರಡುವುದು ತಳದಿಂದಲೇ ಆದ್ದರಿಂದ ಇಂಜಿನ್ನಿಗೆ ಹೋಗುವುದು ಆ ನೀರು. ಒಮ್ಮೆ ಬೇರೆಯಾದದ್ದನ್ನು ಅಲುಗಾಡಿಸಿದರೆ ಸರಿಹೋಗದು, ಇಳಿಸಿ ಚೆಲ್ಲುವುದೇ ದಾರಿ.

ಎಥನಾಲ್ ಇಲ್ಲದ್ದು ಎಲ್ಲಿ?

ನಮ್ಮಲ್ಲಿ ಉಳಿದಿರುವ ದಾರಿ 100 ಆಕ್ಟೇನಿನ ದುಬಾರಿ ಪೆಟ್ರೋಲ್. ಇಂಡಿಯನ್ ಆಯಿಲ್ 2020ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ ಎಕ್ಸ್‌ಪಿ100 ಎಥನಾಲ್ ಬೆರೆಸದ್ದು. ಮಥುರಾದ ರಿಫೈನರಿಯಲ್ಲಿ ತಯಾರಾಗಿ ದೊಡ್ಡ ಊರುಗಳ ಆಯ್ದ ಬಂಕುಗಳಿಗಷ್ಟೇ ಬರುತ್ತದೆ. ಬೆಂಗಳೂರಿನಲ್ಲಿ ಹುಡುಕಿದರೆ ಸಿಕ್ಕೀತು. ತಾಲ್ಲೂಕು ಕೇಂದ್ರಗಳಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಬೆಲೆ ಲೀಟರಿಗೆ 160 ರೂಪಾಯಿಯ ಆಜುಬಾಜು. ಬೇರೆ ಕಂಪನಿಗಳೂ 100 ಆಕ್ಟೇನಿನದನ್ನು ಮಾರುತ್ತವೆ. ಹಾಕಿಸುವ ಮೊದಲು ಇದರಲ್ಲಿ ಎಥನಾಲ್ ಎಷ್ಟು ಎಂದು ಕಂಪನಿಯ ಗ್ರಾಹಕ ವಿಭಾಗಕ್ಕೆ ಬರೆದು, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಬಂಕಿನ ಮ್ಯಾನೇಜರ್ ಬಾಯಿಮಾತಿನಲ್ಲಿ ಹೇಳಿದ್ದು ಸಾಲದು.

ಇಲ್ಲಿ ಬಹಳ ಜನ ಎಡವುತ್ತಾರೆ. 'ಪ್ರೀಮಿಯಂ' ಅಂದರೆ ಎಥನಾಲ್ ಇಲ್ಲದ್ದು ಅಂದುಕೊಂಡು ಎಕ್ಸ್‌ಪಿ95, ಪವರ್95, ಸ್ಪೀಡ್ ಇವುಗಳಿಗೆ ಏಳೆಂಟು ರೂಪಾಯಿ ಹೆಚ್ಚು ಕೊಡುತ್ತಾರೆ. ಇವೆಲ್ಲವೂ ಎಥನಾಲ್ ಬೆರೆತವೇ. ಆಕ್ಟೇನ್ ಒಂದು, ಎಥನಾಲ್ ಇನ್ನೊಂದು, ಎರಡಕ್ಕೂ ಗಂಟು ಹಾಕಬಾರದು. ನೂರು ಸಿಸಿಯ ಸಾದಾ ಬೈಕಿಗೆ ಹೆಚ್ಚಿನ ಆಕ್ಟೇನ್ ಯಾವ ಉಪಕಾರವನ್ನೂ ಮಾಡುವುದಿಲ್ಲ.

ದುಡ್ಡಿನ ಲೆಕ್ಕ ಹಾಕೋಣ. ತಿಂಗಳಿಗೆ ಸಾವಿರ ಕಿ.ಮೀ. ಓಡುವ, ಲೀಟರಿಗೆ 50 ಕೊಡುವ ಬೈಕು. ಇ20ಯಿಂದ ಮೈಲೇಜ್ ಶೇ 4 ಇಳಿದರೂ ಹೆಚ್ಚಿಗೆ ಕುಡಿಯುವುದು ಒಂದು ಲೀಟರಿಗಿಂತ ಕಡಿಮೆ. ಲೀಟರಿಗೆ ನೂರಾ ಮೂರು ರೂಪಾಯಿ ಎಂದುಕೊಂಡರೂ ನಷ್ಟ ನೂರು ರೂಪಾಯಿ ದಾಟದು. ಅದನ್ನು ತಪ್ಪಿಸಲು 100 ಆಕ್ಟೇನಿನದನ್ನು ಹಾಕಿಸಿದರೆ ತಿಂಗಳಿಗೆ ಸಾವಿರ ರೂಪಾಯಿ ಹೆಚ್ಚು ಕೈಬಿಟ್ಟು ಹೋಗುತ್ತದೆ. ಲೀಟರಿಗೆ 15 ಕೊಡುವ ಹಳೆಯ ಕಾರಿಗೆ ಇ20ಯ ನಷ್ಟ ತಿಂಗಳಿಗೆ ನಾನೂರು ರೂಪಾಯಿ ದಾಟಬಹುದು. ಆದರೂ ದಿನನಿತ್ಯಕ್ಕೆ ದುಬಾರಿ ಪೆಟ್ರೋಲ್ ಹೊಂದುವುದಿಲ್ಲ. ಅದು ಬೇಕಾಗುವುದು ತಿಂಗಳುಗಟ್ಟಲೆ ನಿಂತೇ ಇರುವ, ಪ್ರೀತಿಗೆ ಇಟ್ಟುಕೊಂಡ ಯಂತ್ರಗಳಿಗೆ. ಭಾನುವಾರಕ್ಕೊಮ್ಮೆ ಮಾತ್ರ ಹೊರಗೆ ತೆಗೆಯುವ ಯೆಜ್ಡಿಗೂ ಐದು ಲೀಟರ್ ಹಾಕಿಸುವುದು ದುಂದಲ್ಲ.

ಮಾರಿದ್ದು ಹೇಳಿದ್ದೇ ಹೌದೋ ಅಲ್ಲವೋ ನೋಡಲು ಸುಲಭದ ಪರೀಕ್ಷೆಯೊಂದಿದೆ. ಅಳತೆಗೆರೆ ಇರುವ ನೂರು ಮಿಲಿ ಗಾಜಿನ ಜಾಡಿಗೆ ಹತ್ತು ಮಿಲಿ ನೀರು ಹಾಕಿ, ನೂರರ ಗೆರೆವರೆಗೆ ಪೆಟ್ರೋಲ್ ತುಂಬಿ, ಮುಚ್ಚಿ ಅಲುಗಿಸಿ, ಮೆಲ್ಲಗೆ ಮುಚ್ಚಳ ಸಡಿಲಿಸಿ ಆವಿ ಬಿಟ್ಟು ನಿಲ್ಲಿಸಿ. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಹೋಗುತ್ತದೆ. ತಳದ ಪದರ ಹತ್ತರಲ್ಲೇ ನಿಂತರೆ ಎಥನಾಲ್ ಇಲ್ಲ, 28ರ ಹತ್ತಿರಕ್ಕೆ ಏರಿದರೆ ಅದು ಇ20. ಬಯಲಿನಲ್ಲಿ ಮಾಡಿ, ಬೀಡಿ, ಒಲೆ, ಮಕ್ಕಳು ಯಾವುದೂ ಹತ್ತಿರ ಇರಬಾರದು. ಬಂಕಿನವರು ಪ್ಲಾಸ್ಟಿಕ್ ಬಾಟಲಿಗೆ ಪೆಟ್ರೋಲ್ ಹಾಕುವುದಿಲ್ಲ, ಹಾಕಬಾರದು ಕೂಡ. ಹಳೆಯ ಬೈಕಾದರೆ ಪೆಟ್ರೋಲ್ ಕಾಕಿನ ಪೈಪು ಬಿಚ್ಚಿ ಅಷ್ಟು ಇಳಿಸಿಕೊಳ್ಳಬಹುದು. ಬಂಕಿನಲ್ಲೇ ಸಾಂದ್ರತೆ ಅಳೆದು ತೋರಿಸಿ, ಫಿಲ್ಟರ್ ಪೇಪರ್ ಕೊಡಿ ಎಂದು ಕೇಳುವ ಹಕ್ಕು ಗ್ರಾಹಕರಿಗೆ ಇದೆ. ಇವು ಕಲಬೆರಕೆ ಹಿಡಿಯಲು ಇರುವ ಪರೀಕ್ಷೆಗಳು, ಎಥನಾಲ್ ಎಷ್ಟಿದೆ ಎಂಬುದನ್ನು ಹೇಳುವುದಿಲ್ಲ.

ಇದೇ ಪರೀಕ್ಷೆಯನ್ನು ದೊಡ್ಡ ಕ್ಯಾನಿನಲ್ಲಿ ಮಾಡಿ, ಎಥನಾಲ್ 'ತೊಳೆದು' ಉಳಿದದ್ದನ್ನು ಗಾಡಿಗೆ ಹಾಕಿ ತೋರಿಸುವ ಯೂಟ್ಯೂಬ್ ಶೂರರಿದ್ದಾರೆ. ಹಾಗೆ ಮಾಡಬೇಡಿ. ಆಕ್ಟೇನ್ ಏರಿಸಿದ್ದೇ ಆ ಎಥನಾಲ್. ಅದನ್ನು ತೆಗೆದರೆ ಉಳಿಯುವುದು ಇಂಜಿನ್ನನ್ನು ಟಕಟಕ ಕುಟ್ಟಿಸುವ, ತೇವ ಹಿಡಿದ ಪೆಟ್ರೋಲ್. ಬೆಂಕಿಯ ಅಪಾಯ ಬೇರೆ. ಅಂಗಡಿಯಲ್ಲಿ ಸಿಗುವ ಎಥನಾಲ್ ನಿವಾರಕ ಸೀಸೆಗಳೂ ಎಥನಾಲನ್ನು ತೆಗೆಯುವುದಿಲ್ಲ. ಕಿಲುಬು ತಡೆಯುವ ಗುಣ ಕೆಲವಕ್ಕೆ ಇರುತ್ತದೆ, ನಿಂತ ಗಾಡಿಗೆ ಅಷ್ಟರಮಟ್ಟಿಗೆ ಉಪಯೋಗ.

ಇ20ಯಲ್ಲೇ ಬದುಕುವುದು

ಬಹುಪಾಲು ಓದುಗರ ಪಾಲಿಗೆ ಇದೇ ದಾರಿ. ಕಾರ್ಬುರೇಟರ್ ಗಾಡಿಯಾದರೆ ಪಳಗಿದ ಮೆಕ್ಯಾನಿಕ್ ಹತ್ತಿರ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿಸಿ, ಏರ್ ಸ್ಕ್ರೂ ಹೊಂದಿಸಿ, ಪ್ಲಗ್ಗಿನ ಬಣ್ಣ ನೋಡಿಸಿಕೊಳ್ಳಿ. ಪೆಟ್ರೋಲ್ ಪೈಪು, ಕಾರ್ಬುರೇಟರಿನ ಓ-ರಿಂಗ್, ಬೌಲ್ ಗ್ಯಾಸ್ಕೆಟ್, ಕಾಕಿನ ವಾಷರ್ ಬದಲಿಸುವಾಗ ಎಥನಾಲ್ ತಾಳುವ ರಬ್ಬರಿನದೇ ಬೇಕು ಎಂದು ಕೇಳಿ. ಮಾಮೂಲಿ ಕಪ್ಪು ಪೈಪಿಗೂ ಅದಕ್ಕೂ ಬೆಲೆಯಲ್ಲಿ ದೊಡ್ಡ ಅಂತರವೇನಿಲ್ಲ. ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ, ಕೆಲವು ಹಳೆಯ ಗಾಡಿಗಳಲ್ಲಿ 20,000-30,000 ಕಿ.ಮೀ. ಓಡಿದ ಮೇಲೆ ರಬ್ಬರ್ ಭಾಗ ಮತ್ತು ಗ್ಯಾಸ್ಕೆಟ್ ಬದಲಿಸಬೇಕಾದೀತು, ಅದು ಅಗ್ಗದ ಕೆಲಸ ಎಂದು ಒಪ್ಪಿಕೊಂಡಿದೆ. ಅಗ್ಗದ್ದೇ ಇರಬಹುದು. ದುಡ್ಡು ಕೊಡುವವರು ಮಾತ್ರ ನಾವು.

ಟ್ಯಾಂಕನ್ನು ಅರೆಬರೆ ಖಾಲಿ ಇಟ್ಟು ಮಳೆಗಾಲ ಕಳೆಯಬೇಡಿ. ಖಾಲಿ ಜಾಗದಲ್ಲಿ ತೇವ ಕೂರುತ್ತದೆ, ಟ್ಯಾಂಕಿನ ಒಳಗೋಡೆಗೆ ತುಕ್ಕು ಹತ್ತುತ್ತದೆ. ಮುಚ್ಚಳದ ರಬ್ಬರ್ ಸವೆದಿದ್ದರೆ ಮೊದಲು ಅದನ್ನು ಬದಲಿಸಿ. ಮೈಲೇಜನ್ನು ಊಹೆಯಿಂದ ಹೇಳದೆ, ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ಅದೇ ಮಟ್ಟಕ್ಕೆ ತುಂಬಿಸಿ ಭಾಗಿಸಿ ನೋಡಿ. ಕಂಪನಿಗೆ ದೂರು ಕೊಡುವುದಾದರೆ ಬಿಲ್ಲುಗಳ ಜೊತೆ ಈ ಲೆಕ್ಕವೂ ಬೇಕಾಗುತ್ತದೆ. ಸರ್ವಿಸ್ ಸೆಂಟರಿನಲ್ಲಿ "ನಿಮ್ಮ ಮಾಡೆಲ್ ಇ20 ತಾಳುತ್ತದೆ" ಅಂದರೆ ಅದನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿ.

ಜಗಳ ಎಲ್ಲಿದೆ?

ಎಥನಾಲ್ ಬೇಕೆನ್ನುವವರ ಕಾರಣಗಳು ಗಟ್ಟಿಯಾಗಿಯೇ ಇವೆ. ನಾವು ಉರಿಸುವ ಕಚ್ಚಾತೈಲದ ಬಹುಪಾಲು ಹೊರದೇಶದ್ದು. 2014-15ರಿಂದ 2025ರ ಜುಲೈವರೆಗೆ ಎಥನಾಲಿನಿಂದ 1.44 ಲಕ್ಷ ಕೋಟಿ ರೂಪಾಯಿಯ ವಿದೇಶಿ ವಿನಿಮಯ ಉಳಿದಿದೆ ಎಂಬುದು ಸಚಿವಾಲಯದ ಲೆಕ್ಕ. ಬೆಳಗಾವಿ, ಬಾಗಲಕೋಟೆಯ ಕಬ್ಬಿನವರಿಗೆ ಕಾರ್ಖಾನೆಯಿಂದ ಬಿಲ್ ಬರಲು ಸಕ್ಕರೆಯೊಂದನ್ನೇ ನಂಬಿ ಕೂರುವ ಕಾಲ ಹೋಗಿದೆ. ಆದರೂ 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ರೈತರು ಧರಣಿ ಕೂತರು. ಕೊನೆಗೆ 3,300ಕ್ಕೆ ಒಪ್ಪಂದವಾಯಿತು. ಆಗ ಮುಖ್ಯಮಂತ್ರಿ ಸಿದ್ದರಾಮಯ್ಯ ಕೇಂದ್ರಕ್ಕೆ ಬರೆದ ದೂರಿನಲ್ಲಿ ಎಥನಾಲೂ ಇತ್ತು: ರಾಜ್ಯದ ತಯಾರಿಕಾ ಸಾಮರ್ಥ್ಯ 270 ಕೋಟಿ ಲೀಟರ್, ಖರೀದಿಗೆ ಹಂಚಿಕೆಯಾದದ್ದು 47 ಕೋಟಿ ಲೀಟರ್. ಅದೇ ಹೊತ್ತಿಗೆ ಮೆಕ್ಕೆಜೋಳ ಬೆಳೆದವರು ಕ್ವಿಂಟಲಿಗೆ 2,400ರ ಬೆಂಬಲ ಬೆಲೆಯ ಹತ್ತಿರಕ್ಕೂ ಬಾರದ ದರಕ್ಕೆ ಮಾರುತ್ತಿದ್ದರು. ಎಥನಾಲ್ ಬಂದರೆ ಬೆಳೆಗಾರನಿಗೆ ಬೆಲೆ ತಾನಾಗಿ ಬರುತ್ತದೆ ಎಂಬ ಮಾತನ್ನು ಈ ಒಂದು ತಿಂಗಳೇ ಪರೀಕ್ಷಿಸಿಬಿಟ್ಟಿತು. ನೀರಿನ ಪ್ರಶ್ನೆ ಬೇರೆ ಇದೆ. ಕಬ್ಬಿನಿಂದ ಒಂದು ಲೀಟರ್ ಎಥನಾಲಿಗೆ ಸುಮಾರು 2,860 ಲೀಟರ್ ನೀರು ಎಂದು ನೀತಿ ಆಯೋಗವೇ ಬರೆದಿತ್ತು.

ಗಾಡಿ ಓಡಿಸುವವರ ತಕರಾರು ಇದಕ್ಕಿಂತ ಚಿಕ್ಕದು, ನನಗೆ ಅದು ನ್ಯಾಯವಾದದ್ದೂ ಅನ್ನಿಸುತ್ತದೆ. ಎಥನಾಲ್ ಬೇಡ ಎಂದು ಅವರಲ್ಲಿ ಹೆಚ್ಚಿನವರು ಹೇಳುತ್ತಿಲ್ಲ. ಏನು ಮಾರುತ್ತಿದ್ದೀರೋ ಪಂಪಿನ ಮೇಲೆ ಬರೆಯಿರಿ, ಹಳೆಯ ಗಾಡಿಗೆ ಬೇರೊಂದು ಪೈಪು ಬಿಡಿ ಎನ್ನುತ್ತಿದ್ದಾರೆ. ಇದೇ ಬೇಡಿಕೆಯ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಅರ್ಜಿಯ ಹಿಂದೆ ದೊಡ್ಡ ಲಾಬಿ ಇದೆ ಎಂದು ಸರ್ಕಾರದ ಪರ ಅಟಾರ್ನಿ ಜನರಲ್ ವಾದಿಸಿದ್ದರು. ಲಾಬಿ ಇರಲಿ ಬಿಡಲಿ, 2021ರ ನೀತಿ ಆಯೋಗದ ವರದಿ ತೆರೆದರೆ ಅದರಲ್ಲೇ ಈ ಬೇಡಿಕೆಯ ಬೇರು ಸಿಗುತ್ತದೆ. ಇ20 ಬಂದ ಮೇಲೂ ಹಳೆಯ ಗಾಡಿಗಳ ರಕ್ಷಣೆಗೆ 2025ರವರೆಗೆ ಇ10 ಸಿಗುತ್ತಿರಬೇಕು, ಶಕ್ತಿ ಕಡಿಮೆಯಾದದ್ದಕ್ಕೆ ಗ್ರಾಹಕರಿಗೆ ಬೆಲೆಯಲ್ಲಿ ರಿಯಾಯಿತಿ ಬೇಕು ಎಂದು ಅದು ಶಿಫಾರಸು ಮಾಡಿತ್ತು. ಬೆಲೆಯ ಬಗ್ಗೆ ಸಚಿವಾಲಯ 2025ರಲ್ಲಿ ಕೊಟ್ಟ ಉತ್ತರ ಹೀಗಿತ್ತು: ಆಗ ಎಥನಾಲ್ ಪೆಟ್ರೋಲಿಗಿಂತ ಅಗ್ಗವಿತ್ತು, ಈಗ ಅದರ ಸರಾಸರಿ ಖರೀದಿ ದರವೇ 71.32 ರೂಪಾಯಿ, ತೆರಿಗೆಗೆ ಮುಂಚಿನ ಪೆಟ್ರೋಲಿಗಿಂತ ಹೆಚ್ಚು. ಬೆಲೆ ಇಳಿಸದಿರಲು ಅದು ಕಾರಣ ಆಗಬಹುದು. ಬೋರ್ಡು ಹಾಕದಿರಲು ಹೇಗೆ ಕಾರಣವಾದೀತು?

ಬೇರೆ ಕಡೆ ಇದನ್ನು ನಿಭಾಯಿಸಿದ್ದಾರೆ. ಬ್ರಿಟನ್ 2021ರ ಸೆಪ್ಟೆಂಬರ್‌ನಲ್ಲಿ ಇ10ಕ್ಕೆ ಬದಲಾದಾಗ, ಸೂಪರ್ ದರ್ಜೆಯ ಪೆಟ್ರೋಲನ್ನು ಇ5ರಲ್ಲೇ ಉಳಿಸಿಕೊಂಡಿತು. ನಿಮ್ಮ ಕಾರಿಗೆ ಯಾವುದು ಎಂದು ನೋಡಲು ಸರ್ಕಾರವೇ ಅಂತರ್ಜಾಲದಲ್ಲಿ ಅನುಕೂಲ ಮಾಡಿತು. ಅಮೆರಿಕದಲ್ಲಿ ಇ15 ಮಾರುವ ಪಂಪಿಗೆ ಕಿತ್ತಳೆ ಬಣ್ಣದ ಚೀಟಿ ಕಡ್ಡಾಯ: 2001 ಮತ್ತು ಆಮೇಲಿನ ಕಾರುಗಳಿಗೆ ಮಾತ್ರ, ಮೋಟಾರ್ ಸೈಕಲ್ಲಿಗೂ ದೋಣಿಗೂ ಬೇಡ. ದೋಣಿಯವರು, ಹುಲ್ಲು ಕತ್ತರಿಸುವ ಯಂತ್ರದವರು ಎಥನಾಲ್ ಇಲ್ಲದ್ದನ್ನು ಬೇರೆ ಪಂಪಿನಲ್ಲಿ ಹೆಚ್ಚು ಕೊಟ್ಟು ಒಯ್ಯುತ್ತಾರೆ. ಬ್ರೆಜಿಲ್ 2025ರ ಆಗಸ್ಟ್‌ನಿಂದ ಶೇ 30ಕ್ಕೆ ಹೋಗಿದೆ. ಅದನ್ನು ನಮಗೆ ಮಾದರಿಯೆಂದು ತೋರಿಸುವವರು ಒಂದು ಮಾತನ್ನು ಹೇಳದೆ ಬಿಡುತ್ತಾರೆ. ಅಲ್ಲಿ ಯಾವ ಪ್ರಮಾಣವನ್ನಾದರೂ ಉರಿಸಬಲ್ಲ ಫ್ಲೆಕ್ಸ್ ಕಾರುಗಳು 2003ರಿಂದಲೇ ರಸ್ತೆಯಲ್ಲಿವೆ.

ಇನ್ನು ತೋಟದವರಿಗೆ. ಕಳೆ ಹೊಡೆಯುವ ಮಿಷನ್, ಅಡಿಕೆಗೆ ಔಷಧಿ ಹೊಡೆಯುವ ಪಂಪು, ಗರಗಸ, ಚಿಕ್ಕ ಜನರೇಟರ್ ಇವುಗಳ ಪುಸ್ತಕ ಬಿಡಿಸಿ ನೋಡಿ. ಹಲವು ತಯಾರಕರು ಎಥನಾಲ್ ಶೇ 10 ದಾಟಬಾರದು ಎಂದು ಬರೆದಿರುತ್ತಾರೆ. ಇವು ಹಂಗಾಮಿನಲ್ಲಿ ಎಡೆಬಿಡದೆ ಓಡಿ ಆಮೇಲೆ ಕೊಟ್ಟಿಗೆಯ ಮೂಲೆ ಸೇರುವಂಥವು, ಎಥನಾಲ್ ಹೆಚ್ಚು ಕೆಡಿಸುವುದೂ ಇಂಥವನ್ನೇ. ಆಯಿಲ್ ಬೆರೆಸಿದ ಪೆಟ್ರೋಲನ್ನು ಒಂದೆರಡು ವಾರಕ್ಕೆ ಸಾಕಾಗುವಷ್ಟೇ ಮಾಡಿಕೊಳ್ಳಿ, ಕ್ಯಾನಿನ ಮುಚ್ಚಳ ಬಿಗಿಯಾಗಿರಲಿ. ಪೇಟೆಗೆ ಹೋದವರ ಹತ್ತಿರ ಎಥನಾಲ್ ಇಲ್ಲದ್ದನ್ನು ತರಿಸಬಹುದಾದರೆ, ಹಂಗಾಮು ಮುಗಿಸುವ ಕೊನೆಯ ಸುತ್ತಿಗೆ ಅದನ್ನೇ ಹಾಕಿ. ಸಿಗದಿದ್ದರೆ ಟ್ಯಾಂಕ್ ಪೂರ್ತಿ ಇಳಿಸಿ, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಇಂಜಿನ್ ಓಡಿಸಿ, ಪ್ಲಗ್ ಬಿಚ್ಚಿ ನಾಲ್ಕು ಹನಿ ಆಯಿಲ್ ಬಿಟ್ಟು, ಹಗ್ಗ ಎರಡು ಸಲ ಎಳೆದು ಇಡಿ. ಮುಂದಿನ ಮಳೆಗಾಲಕ್ಕೆ ಹೊಸ ಪೆಟ್ರೋಲ್ ಹಾಕುವ ಮೊದಲು ಟ್ಯಾಂಕಿನೊಳಗಿನ ಪುಟ್ಟ ಪೈಪನ್ನು ಬೆರಳಿನಲ್ಲಿ ಹಿಸುಕಿ ನೋಡಿ. ಊದಿಕೊಂಡಿದ್ದರೆ, ಅಂಟಂಟಾಗಿದ್ದರೆ ಅಲ್ಲೇ ಬದಲಿಸಿ.